ಆ ಕಡೆ ಮೋರಿ, ಈ ಕಡೆ ಮೋರಿ

ಮಹಾನಗರದ ಅಂಚಿನಲ್ಲಿ ಇರುವವರ ಪಾಡು ಅಂಚಿನವರಿಗೇ ಗೊತ್ತು. ರಸ್ತೆಯ ಈ ಕಡೆ ಒಂದು ನಗರಸಭೆ, ಆ ಕಡೆ ಇನ್ನೊಂದು. ದೂರು ಹಿಡಿದು ಹೋದರೆ ‘ಅದು ನಮಗೆ ಬರಲ್ಲ’ ಅಂತ ಎರಡೂ ಕಡೆ ಹೇಳುತ್ತಾರೆ. ನಮ್ಮ ಬೀದಿ ಅಂಥದ್ದು. ಮಳೆ ಜೋರಾದರೆ ಮೇಲಿನ ಊರಿನ ನೀರೆಲ್ಲ ನಮ್ಮ ಮೋರಿಗೆ ಬಂದು, ಅಲ್ಲಿ ಹಿಡಿಸದೆ ಮನೆಯೊಳಗೆ ಬರುತ್ತದೆ.

ಮಳೆಗಾಲಕ್ಕೆ ಮುಂಚೆ ಒಂದು ಭಾನುವಾರ ಎರಡೂ ಊರಿನವರು ಸೇರಿ ಕಾಲುವೆಯ ಉದ್ದಕ್ಕೂ ನಡೆದೆವು. ಎರಡೂ ಕಡೆಯ ಎಂಜಿನಿಯರ್‌ಗಳನ್ನು ಕರೆದಿದ್ದೆವು. ಬರಲ್ಲ ಅಂದುಕೊಂಡಿದ್ದೆವು, ಬಂದರು, ನಕ್ಷೆ ಸಮೇತ. ಮೇಲಿನ ಊರಿನವರ ನಕ್ಷೆಯಲ್ಲಿ ಕಾಲುವೆ ಗಡಿಗೆ ಬಂದು ನಿಂತುಬಿಡುತ್ತದೆ, ಮುಂದೆ ಬರೀ ಬಿಳಿ ಕಾಗದ. ನಮ್ಮದರಲ್ಲಿ ಗಡಿಯಿಂದಲೇ ಶುರು. ಕಾರಿನ ಬಾನೆಟ್ ಮೇಲೆ ಎರಡನ್ನೂ ಪಕ್ಕಪಕ್ಕ ಹಾಸಿದರೆ ಗೆರೆಗಳು ಒಂದಕ್ಕೊಂದು ಸೇರಲೇ ಇಲ್ಲ. ಜಾಗಕ್ಕೆ ಹೋಗಿ ನೋಡಿದರೆ ಅವರ ಅಗಲವಾದ ಹೊಸ ಕಾಂಕ್ರೀಟ್ ಕಾಲುವೆ ನಮ್ಮ ಹಳೇ ಪೈಪಿನೊಳಗೆ ನುಗ್ಗಬೇಕು! ಇಬ್ಬರು ಎಂಜಿನಿಯರ್‌ಗಳೂ ಒಬ್ಬರನ್ನೊಬ್ಬರು ನೋಡಿದ್ದೇ ಅವತ್ತು.

ದುಡ್ಡಿನ ಮಾತು ಬಂದಾಗ ಜಗಳ ಶುರುವಾಯಿತು. ಕಾಲುವೆಯ ಉದ್ದ ನೋಡಿ ಖರ್ಚು ಹಂಚೋಣ ಅಂದರು ಮೇಲಿನವರು. ಉದ್ದ ಜಾಸ್ತಿ ಇರೋದು ನಮ್ಮ ಕಡೆ, ಅಲ್ವಾ, ಅದಕ್ಕೆ. ನೀರು ಎಲ್ಲಿಂದ ಎಷ್ಟು ಬರುತ್ತದೋ ಆ ಲೆಕ್ಕ ಹಿಡಿಯಿರಿ ಅಂದೆವು ನಾವು. ಬಯಲಿದ್ದಲ್ಲೆಲ್ಲ ಗೋದಾಮು, ಪಾರ್ಕಿಂಗ್ ಅಂತ ಅವರು ನೆಲ ಮುಚ್ಚಿದ್ದಾರೆ, ಮಣ್ಣಿಗೆ ಇಂಗುತ್ತಿದ್ದ ನೀರು ಈಗ ಒಂದೇ ಸಲಕ್ಕೆ ಹರಿದು ಬರುತ್ತದೆ. ಗೋದಾಮಿನ ತೆರಿಗೆ ಅವರಿಗೆ, ನೀರು ನಮಗೆ. ಆ ಕಡೆಯ ಹೆಂಗಸೊಬ್ಬರು ನೇರವಾಗಿ ಕೇಳಿದರು: ‘ನಮ್ಮ ಮನೆ ಮುಂದೆ ನೀರು ನಿಲ್ಲಲ್ಲ. ನಾವ್ಯಾಕೆ ದುಡ್ಡು ಕೊಡಬೇಕು?’ ನನಗೆ ಸಿಟ್ಟು ಬರಲಿಲ್ಲ. ಸುಮ್ನೆ ಸಹಕಾರ, ಸೌಹಾರ್ದ ಅಂತ ಮಾತಾಡಿದವರಿಗಿಂತ ಅವರು ಕೇಳಿದ್ದೇ ಸರಿ.

ಕೊಡುವವರ ಮೂಗಿಗೆ ನಾತ ಬಡಿಯುವವರೆಗೆ ದುಡ್ಡು ಹೊರಗೆ ಬರುವುದಿಲ್ಲ. ಇಡೀ ಲಂಡನ್ನಿಗೆ ಅಂತ ಒಂದು ಮಂಡಳಿ 1855ರಲ್ಲೇ ಬಂದಿತ್ತು. ಆದರೆ ದೊಡ್ಡ ಒಳಚರಂಡಿಗೆ ಬೇಕಾದ ಅಧಿಕಾರ, ಹಣ ಸಿಕ್ಕಿದ್ದು 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ನಾತ ಪಾರ್ಲಿಮೆಂಟಿನ ಒಳಗೇ ಬಂದ ಮೇಲೆ. ಅಮೆರಿಕದ ಮಿನ್ನೆಸೋಟಾದವರು ತೆರಿಗೆಗೇ ಕೈ ಹಾಕಿದರು. ಮಿನಿಯಾಪೊಲಿಸ್, ಸೇಂಟ್ ಪಾಲ್ ಸುತ್ತಿನ ಊರುಗಳಲ್ಲಿ ಸೆಪ್ಟಿಕ್ ಟ್ಯಾಂಕಿನ ಕೊಳೆ ಬಾವಿಗಳಿಗೆ ಸೇರಿ ಗಲಾಟೆಯಾಗಿತ್ತು. 1967ರಲ್ಲಿ ಇಡೀ ಪ್ರದೇಶಕ್ಕೆ ಒಂದು ಕೌನ್ಸಿಲ್ ಆಯಿತು. 1971ರಲ್ಲಿ ಒಂದು ಕಾನೂನು ಬಂತು: ಯಾವ ಊರಿಗೆ ಹೊಸ ವ್ಯಾಪಾರ, ಕಾರ್ಖಾನೆ ಬಂದರೂ ಆ ಆಸ್ತಿಗಳ ತೆರಿಗೆ ಮೌಲ್ಯ ಏರಿದ್ದರಲ್ಲಿ ಶೇ. 40 ಎಲ್ಲರ ಪಾಲಿಗೆ ಸೇರುತ್ತದೆ. ಆಸ್ತಿ ಕಡಿಮೆ ಇರುವ ಊರಿಗೆ ಅದರಲ್ಲಿ ಜಾಸ್ತಿ ಸಿಗುತ್ತದೆ. ನಮ್ಮ ಗೋದಾಮಿನ ಜಗಳಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ. ಅವತ್ತು ಇದನ್ನೇ ಹೇಳಿದೆ. ‘ಅದು ಅಮೆರಿಕ ಸ್ವಾಮಿ’ ಅಂತ ಹಿಂದಿನಿಂದ ಯಾರೋ ಅಂದರು, ಎಲ್ಲರೂ ನಕ್ಕರು.

ಸಂಜೆ ಹೊತ್ತಿಗೆ ಒಪ್ಪಿಗೆಯಾಗಿದ್ದು ಇಷ್ಟೇ: ಎರಡೂ ಕಡೆ ಒಂದೇ ವಾರ ಹೂಳೆತ್ತುವುದು, ಎಂಜಿನಿಯರ್‌ಗಳಿಬ್ಬರೂ ಸೇರಿ ಕಾಲುವೆಯನ್ನು ಅಳೆದು ಒಂದೇ ನಕ್ಷೆ ಮಾಡುವುದು. ಹೂಳು ಎತ್ತಿದರು. ನಕ್ಷೆಯೂ ಆಯಿತು. ಪೈಪು ಬದಲಿಸುವ ಖರ್ಚು ಯಾರದು ಅನ್ನುವುದನ್ನು ಮುಂದಿನ ಸಭೆಗೆ ಇಟ್ಟಿದ್ದಾರೆ, ಆ ಹೆಂಗಸನ್ನೂ ಕರೆಯಿರಿ ಅಂತ ಹೇಳಿದ್ದೇನೆ.