ಗ್ರೋಬಿನ್ಯಾದಲ್ಲಿ ವೈಕಿಂಗರನ್ನು ಹುಡುಕುವವರಿಗೆ

ಲಾಟ್ವಿಯಾದ ಲಿಯೆಪಾಯಾ ನಗರದಿಂದ ಪೂರ್ವಕ್ಕೆ ಹತ್ತು ಕಿಲೋಮೀಟರಿನಷ್ಟು ದೂರದಲ್ಲಿರುವ ಗ್ರೋಬಿನ್ಯಾಕ್ಕೆ ಹೋಗುವವರು ದಯವಿಟ್ಟು ಬಸ್ಸನ್ನೇ ಹಿಡಿಯಬೇಕು. ಸ್ಕ್ಯಾಂಡಿನೇವಿಯಾದ ಕಡಲಯಾನಿಗಳಾದ ವೈಕಿಂಗರ ಊರನ್ನು ಪೂರ್ತಿ ತೋರಿಸುವುದಾಗಿ ಹೇಳಿ ನಮ್ಮಿಂದ ನಲವತ್ತು ಯೂರೋ ಪಡೆದ ಟ್ಯಾಕ್ಸಿ ಚಾಲಕನು, ಪಾಳುಬಿದ್ದ ಕಲ್ಲುಕೋಟೆಯೊಂದರ ಮುಂದೆ ಇಳಿಸಿ, ಅವರು ಕಟ್ಟಿದ್ದು ಇದನ್ನೇ ಎಂದು ಹೇಳಿ ಹೊರಟುಹೋದ. ಆ ಕೋಟೆ ಜರ್ಮನ್ ಯೋಧರ ಲಿವೋನಿಯನ್ ಪಂಥದ್ದೆಂದೂ, ಸ್ಕ್ಯಾಂಡಿನೇವಿಯನ್ನರು ಇಲ್ಲಿ ನೆಲೆಸಿ ಆರು ಶತಮಾನ ಕಳೆದ ಮೇಲಿನದೆಂದೂ ಅಲ್ಲಿದ್ದ ಫಲಕ ಓದಿದಾಗಲೇ ತಿಳಿಯಿತು. ಮರಳುವಾಗ ಬಸ್ಸಿಗೆ ತಲೆಗೆ ಎರಡು ಯೂರೋ ಕೂಡ ಆಗಲಿಲ್ಲ.

ನಿಜವಾಗಿ ನೋಡಬೇಕಾದದ್ದು ಪ್ರಿಯೆಡಿಯೆನ್ಸ್ ಎಂಬಲ್ಲಿನ ಸಮಾಧಿ ದಿಬ್ಬಗಳು. ಮೊಣಕಾಲೆತ್ತರದ, ಹುಲ್ಲು ಹೊದ್ದ ಆ ಉಬ್ಬುಗಳನ್ನು ಕಂಡು ನನ್ನ ಹೆಂಡತಿ "ಇಷ್ಟಕ್ಕೇ ಬಂದೆವೇ?" ಎಂದಳು. ಆದರೆ ಸುಮಾರು 650ರ ಹೊತ್ತಿಗೆ, ಅಂದರೆ ವೈಕಿಂಗ್ ಯುಗವೆಂದು ಪುಸ್ತಕಗಳು ಹೇಳುವ ಕಾಲಕ್ಕಿಂತ ಒಂದು ಶತಮಾನಕ್ಕೂ ಮೊದಲೇ, ಗೋಟ್‌ಲ್ಯಾಂಡ್ ದ್ವೀಪದಿಂದಲೂ ಮಧ್ಯ ಸ್ವೀಡನ್ನಿನಿಂದಲೂ ಬಂದವರು ಆಲಂಡೆ ಹೊಳೆಯ ಬದಿಯಲ್ಲಿ ಇಲ್ಲಿನ ಮೂಲನಿವಾಸಿಗಳಾದ ಕುರೋನಿಯನ್ ಜನರ ನೆರೆಯಲ್ಲೇ ಬಾಳಿದ್ದರು. 1929-30ರಲ್ಲಿ ಸ್ವೀಡನ್ನಿನ ಪುರಾತತ್ವಜ್ಞ ಬಿರ್ಗರ್ ನೆರ್ಮನ್ ಇಲ್ಲಿ ಅಗೆದಾಗ ಗೋಟ್‌ಲ್ಯಾಂಡಿನ ಹೆಂಗಸರ ಒಡವೆಗಳೂ ಸಿಕ್ಕಿದ್ದರಿಂದ, ಬಂದವರು ಬರೀ ದರೋಡೆಕೋರರಲ್ಲ, ಸಂಸಾರ ಹೂಡಿದವರು ಎಂಬುದು ಸ್ಪಷ್ಟವಾಯಿತು. 9ನೇ ಶತಮಾನದ ಬಿಷಪ್ ರಿಂಬರ್ಟ್, 7,000 ಯೋಧರಿದ್ದ ಸೀಬುರ್ಗ್ ಎಂಬ ಪಟ್ಟಣವನ್ನು ಸ್ವೀಡನ್ನಿನ ರಾಜ ಓಲೋಫ್ ಸುಟ್ಟುಹಾಕಿದನೆಂದು ಬರೆದಿದ್ದಾನೆ. ಆ ಸೀಬುರ್ಗ್ ಇದೇ ಊರೆಂಬುದು ಬಹುತೇಕ ವಿದ್ವಾಂಸರ ಅಭಿಪ್ರಾಯ.

ಇಡೀ ಮಧ್ಯಾಹ್ನ ನಮಗೆ ಸಿಕ್ಕ ಜನರು ಮೂವರು. ಗದ್ದಲವೆಂದರೆ ಆಗದ ನನಗೆ ಇದಕ್ಕಿಂತ ದೊಡ್ಡ ಸೌಕರ್ಯ ಬೇಕಿರಲಿಲ್ಲ. ಮಕ್ಕಳನ್ನು ಕರೆದೊಯ್ಯುವವರು ಎರಡು ಬಾರಿ ಯೋಚಿಸಲಿ.

ಊಟದ ಚಿಂತೆ ಬೇಡ. ಲಿಯೆಪಾಯಾದಲ್ಲಿ 'ಏದ್ನೀಟ್ಸಾ' ಎಂಬ ಬೋರ್ಡು ಕಂಡಲ್ಲಿ ನುಗ್ಗಿಬಿಡಿ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತು, ಬೇಕಾದದ್ದನ್ನು ಬೆರಳು ತೋರಿಸಿ ಹಾಕಿಸಿಕೊಳ್ಳುವ ಕ್ಯಾಂಟೀನು ಅದು. ಬೀಟ್‌ರೂಟನ್ನು ಹುಳಿ ಮಜ್ಜಿಗೆಯಂತಹ ಕೆಫಿರಿನಲ್ಲಿ ಕಲಸಿ, ಮೇಲೆ ಸಬ್ಬಸಿಗೆ ಸೊಪ್ಪು ಉದುರಿಸಿದ ಗುಲಾಬಿ ಬಣ್ಣದ ತಣ್ಣನೆಯ ಸೂಪು ನಮ್ಮ ತಂಬುಳಿಯ ದಾಯಾದಿಯೇ ಸರಿ. ಅದರ ಜೊತೆಗೆ ಬಿಸಿ ಆಲೂಗಡ್ಡೆ, ಕಪ್ಪು ರೈ ಬ್ರೆಡ್ಡು. ಇಬ್ಬರಿಗೂ ಸೇರಿ ಹತ್ತು ಯೂರೋದೊಳಗೆ ಮುಗಿಯಿತು. ಸಸ್ಯಾಹಾರಿಗಳು ಮಾತ್ರ ಸೂಪಿನಲ್ಲಿ ಮೊಟ್ಟೆ ಬೇಡವೆಂದು ಮೊದಲೇ ಹೇಳಬೇಕು.

ಇನ್ನೊಂದು ಮಾತು: 1987ರಲ್ಲಿ ಪ್ರಿಯೆಡಿಯೆನ್ಸ್‌ನಲ್ಲಿ ಸಿಕ್ಕ ಗೋಟ್‌ಲ್ಯಾಂಡ್ ಮಾದರಿಯ ಚಿತ್ರಶಿಲೆ ಇರುವುದು ಲಿಯೆಪಾಯಾ ಮ್ಯೂಸಿಯಮ್ಮಿನಲ್ಲಿ. ಹಿಂದಿನ ದಿನ ನಾವು ಅದರ ಗೇಟಿನೆದುರೇ ನಿಂತು ಐಸ್‌ಕ್ರೀಂ ತಿಂದು ಬಂದಿದ್ದೆವು.