ಮೆಲ್ಬರ್ನಿನ ಕ್ರಿಸ್‌ಮಸ್: ಓವನ್‌ಗೆ ರಜೆ

ಡಿಸೆಂಬರ್ 24, ರಾತ್ರಿ ಎಂಟೂವರೆ. ಹಲ್ಲುಜ್ಜಿಸಿ, ಕಥೆ ಹೇಳಿ, ದೀಪ ಆರಿಸಿ ಮಲಗಿಸಿದ್ದಾಯಿತು. ಮಕ್ಕಳು ಪರದೆ ಸರಿಸಿ ನೋಡಿದರೆ ಹೊರಗೆ ಇನ್ನೂ ಹಗಲು. ಆಸ್ಟ್ರೇಲಿಯಾಕ್ಕೆ ಡಿಸೆಂಬರ್ ಅಂದರೆ ಬೇಸಿಗೆ, ಮೆಲ್ಬರ್ನಿನಲ್ಲಿ ಆ ದಿನ ಸೂರ್ಯ ಮುಳುಗುವುದೇ ಸುಮಾರು 8:40ಕ್ಕೆ. ಕತ್ತಲು ಅನ್ನಿಸುವಷ್ಟರಲ್ಲಿ ಒಂಬತ್ತೂಕಾಲು. "ಕತ್ತಲಾದ ಮೇಲೆ ಸಾಂಟಾ ಬರ್ತಾನೆ" ಅಂತ ಬಾಯಿತಪ್ಪಿ ಹೇಳಿದ್ದರೆ ಕೆಲಸ ಕೆಟ್ಟಿತು, ಕತ್ತಲಾಗುವುದನ್ನೇ ಕಾಯುತ್ತ ಕೂತಿರುತ್ತಾರೆ. "ನೀವು ನಿದ್ದೆ ಮಾಡಿದ ಮೇಲೆ" ಅನ್ನಬೇಕು. ಬ್ರಿಸ್ಬೇನಿನವರ ಪಾಡು ಉಲ್ಟಾ. ಅಲ್ಲಿ ಮೆಲ್ಬರ್ನಿನಂತೆ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿಯಿಲ್ಲ, ಸಂಜೆ 6:45ಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಆದರೆ ಬೆಳಗ್ಗೆ ಐದಕ್ಕೆ ಮುಂಚೆಯೇ ಹುಟ್ಟಿ, ಉಡುಗೊರೆ ಬಿಚ್ಚಲು ಮಕ್ಕಳನ್ನು ಎಬ್ಬಿಸಿಬಿಡುತ್ತಾನೆ. ಎರಡು ಊರಿಗೂ ಮದ್ದು ಒಂದೇ: ದಪ್ಪ ಪರದೆ. ಬಾಡಿಗೆ ಮನೆಯಲ್ಲಿ ಅದಿಲ್ಲದಿದ್ದರೆ ಕಿಟಕಿ ಗಾಜಿಗೆ ನೀರು ಸಿಂಪಡಿಸಿ ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ ಅಂಟಿಸಿ. ನೋಡಲು ಚೆಂದವಿಲ್ಲ, ಆದರೆ ಬೆಳಕನ್ನೂ ಬಿಸಿಲನ್ನೂ ತಡೆಯುತ್ತದೆ.

ಆಸ್ಟ್ರೇಲಿಯಾದ ಕ್ರಿಸ್‌ಮಸ್‌ನಲ್ಲಿ ಆಗುವ ಎಡವಟ್ಟುಗಳಲ್ಲಿ ಮುಕ್ಕಾಲು ಪಾಲು, ಚಳಿ ದೇಶದ ವೇಳಾಪಟ್ಟಿಯನ್ನು ಬಿಸಿಲು ದೇಶದಲ್ಲಿ ನಡೆಸಲು ಹೋಗಿ ಆಗುವಂಥವು. ಮಧ್ಯಾಹ್ನ ಒಂದಕ್ಕೆ ಬಿಸಿಬಿಸಿ ಊಟ ಆಗಬೇಕೆಂದರೆ ಬೆಳಗ್ಗೆ ಒಂಬತ್ತರಿಂದ ಓವನ್ ಉರಿಯಬೇಕು. ಹೊರಗೆ 38 ಡಿಗ್ರಿ, ಒಳಗೆ 180ರ ಓವನ್, ಹದಿನೈದು ಜನ ನೆಂಟರು, ಮೂರು ಮಕ್ಕಳು. ಆ ಮನೆಯನ್ನು ಯಾವ ಏಸಿಯೂ ತಂಪು ಮಾಡಲಾರದು. ಬೇಯಿಸುವ ಕೆಲಸವೆಲ್ಲ ಹಿಂದಿನ ರಾತ್ರಿಗೆ, ಮಕ್ಕಳ ಹೊರಗಿನ ಆಟ ಬೆಳಗ್ಗೆ ಹತ್ತರೊಳಗೆ, ಹನ್ನೊಂದರಿಂದ ನಾಲ್ಕರ ತನಕ ಎಲ್ಲರೂ ಒಳಗೆ. ಇಷ್ಟು ಬದಲಿಸಿಕೊಂಡರೆ ಹಬ್ಬ ಸಲೀಸು.

ಹಿಂದಿನ ರಾತ್ರಿಯ ಮುಖ್ಯ ಕೆಲಸ ಪಾವ್ಲೋವಾ. 1926ರಲ್ಲಿ ಈ ಕಡೆಗೆ ಪ್ರವಾಸ ಬಂದಿದ್ದ ರಷ್ಯನ್ ನರ್ತಕಿ ಅನ್ನಾ ಪಾವ್ಲೋವಾ ಹೆಸರಿನ ಸಿಹಿ ಇದು: ಮೊಟ್ಟೆಯ ಬಿಳಿಯ ನೊರೆಯನ್ನು ಓವನ್‌ನಲ್ಲಿ ಬೇಯಿಸಿ, ತಣ್ಣಗಾದ ಮೇಲೆ ಕ್ರೀಮ್ ಹಾಕುವುದು. ಮೊದಲು ಮಾಡಿದ್ದು ಯಾರು ಅಂತ ಆಸ್ಟ್ರೇಲಿಯಾಕ್ಕೂ ನ್ಯೂಜಿಲೆಂಡಿಗೂ ಇಂದಿಗೂ ಜಗಳ. ಮೈಸೂರು ಪಾಕ್ ಯಾರದು ಅಂತ ನಾವು ಕಿತ್ತಾಡಿದಂತೆಯೇ. ಆರು ಮೊಟ್ಟೆಯ ಬಿಳಿ, 330 ಗ್ರಾಂ ಕ್ಯಾಸ್ಟರ್ ಸಕ್ಕರೆ (ಸಿಗದಿದ್ದರೆ ಮಾಮೂಲಿ ಸಕ್ಕರೆಯನ್ನು ಮಿಕ್ಸಿಯಲ್ಲಿ ಎರಡು ಸುತ್ತು ಹಾಕಿ, ಹಿಟ್ಟಾಗಬಾರದು), ಎರಡು ಟೀ ಚಮಚ ಕಾರ್ನ್‌ಫ್ಲೋರ್, ಒಂದೊಂದು ಟೀ ಚಮಚ ಬಿಳಿ ವಿನೆಗರ್ ಮತ್ತು ವೆನಿಲಾ. ಇಲ್ಲಿನ ಟೇಬಲ್ ಚಮಚ 20 ಮಿ.ಲೀ., ಅಮೆರಿಕದ್ದು 15. ಸಕ್ಕರೆಯನ್ನು ಚಮಚದಲ್ಲಿ ಅಳೆಯುವ ರೆಸಿಪಿ ನೋಡಿ ಮಾಡುವವರು ಇಲ್ಲೇ ಎಡವುತ್ತಾರೆ. ತಕ್ಕಡಿಯಲ್ಲಿ ತೂಗುವುದೇ ವಾಸಿ.

ಪಾತ್ರೆ ಸ್ಟೀಲಿನದೋ ಗಾಜಿನದೋ ಇರಲಿ. ಪ್ಲಾಸ್ಟಿಕ್ ಬೋಗುಣಿಯಲ್ಲಿ ಎಷ್ಟು ತೊಳೆದರೂ ಎಣ್ಣೆಯ ಜಿಡ್ಡು ಉಳಿದಿರುತ್ತದೆ, ಜಿಡ್ಡಿದ್ದರೆ ಬಿಳಿ ನೊರೆಗಟ್ಟುವುದಿಲ್ಲ. ಒಂದು ಹನಿ ಹಳದಿ ಬಿದ್ದರೂ ಅದೇ ಗತಿ. ಅದಕ್ಕೇ ಒಂದೊಂದು ಮೊಟ್ಟೆಯನ್ನೂ ಮೊದಲು ಸಣ್ಣ ಬಟ್ಟಲಿಗೆ ಒಡೆದು ನೋಡಿಕೊಂಡು ಆಮೇಲೆ ದೊಡ್ಡ ಪಾತ್ರೆಗೆ ಹಾಕುವುದು. ಬಿಳಿ ನೊರೆಯಾಗಿ ನಿಂತ ಮೇಲೆ ಸಕ್ಕರೆಯನ್ನು ಒಂದೊಂದೇ ಚಮಚ ಸೇರಿಸುತ್ತ ಹತ್ತು ನಿಮಿಷ ಬೀಟರ್ ಓಡಿಸಿ. ಚಿಟಿಕೆ ತೆಗೆದು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಿ. ತರಿತರಿ ಇದ್ದರೆ ಸಕ್ಕರೆ ಕರಗಿಲ್ಲ, ಇನ್ನೂ ತಿರುಗಿಸಿ. ಈ ಪರೀಕ್ಷೆಯನ್ನು ಮಕ್ಕಳಿಗೆ ಬಿಟ್ಟುಕೊಡಬಹುದು, ಕೈ ಮಾತ್ರ ಬಾಯಿಗೆ ಹೋಗಬಾರದು, ಹಸಿ ಮೊಟ್ಟೆ. ಉಳಿದದ್ದನ್ನೆಲ್ಲ ಮೆತ್ತಗೆ ಬೆರೆಸಿ, ಬೇಕಿಂಗ್ ಕಾಗದದ ಮೇಲೆ 22 ಸೆಂ.ಮೀ. ಅಗಲಕ್ಕೆ ಗುಡ್ಡೆ ಹಾಕಿ. ಮೊದಲೇ 150ಕ್ಕೆ ಕಾಯಿಸಿದ ಓವನ್‌ಗೆ ಇಟ್ಟು, ತಕ್ಷಣ 120ಕ್ಕೆ ಇಳಿಸಿ, ಒಂದೂವರೆ ಗಂಟೆ. ಫ್ಯಾನ್ ಓವನ್ ಆದರೆ ಎರಡೂ ಕಡೆ 20 ಡಿಗ್ರಿ ಕಮ್ಮಿ. ಆಮೇಲೆ ಆರಿಸಿ, ಬಾಗಿಲ ಸಂದಿಗೆ ಮರದ ಸೌಟು ಸಿಕ್ಕಿಸಿ, ಬೆಳಗಿನ ತನಕ ಅತ್ತ ತಲೆ ಹಾಕಬೇಡಿ. ಬಿಸಿಯಿರುವಾಗಲೇ ಹೊರಗೆ ತೆಗೆದರೆ ಕುಸಿಯುತ್ತದೆ.

ಬೆಳಗ್ಗೆ ತಳದಲ್ಲಿ ಪಾಕ ಒಸರಿದ್ದರೆ ಸಕ್ಕರೆ ಕರಗಿರಲಿಲ್ಲ, ಇಲ್ಲವೇ ಬೆಂದಿರಲಿಲ್ಲ. ಮೇಲೆ ಜೇನಿನ ಬಣ್ಣದ ಹನಿ ಕೂತಿದ್ದರೆ ಹೆಚ್ಚು ಬೆಂದಿದೆ. ಸೀಳಿದ್ದರೆ ಅದು ದೋಷವೇ ಅಲ್ಲ, ಕ್ರೀಮ್ ಮುಚ್ಚುತ್ತದೆ. ಗಾಳಿಯಲ್ಲಿ ತೇವವಿದ್ದ ದಿನ ಮಾತ್ರ ಎಷ್ಟು ಸರಿಯಾಗಿ ಮಾಡಿದರೂ ಮೇಲ್ಪದರ ಮೆತ್ತಗಾಗುತ್ತದೆ. ಮೆಲ್ಬರ್ನಿನ ಒಣ ಬಿಸಿಲಿಗೆ ಕೈಹಿಡಿಯುವ ಪಾವ್ಲೋವಾ ಬ್ರಿಸ್ಬೇನಿನಲ್ಲಿ ಕೈಕೊಡುವುದು ಇದಕ್ಕೇ. ಮಂಗಳೂರು ಕಡೆಯ ಕ್ಯಾಥೊಲಿಕ್ ಮನೆಗಳ ಕುಸ್ವಾರಿನ (ಕ್ರಿಸ್‌ಮಸ್ ತಿಂಡಿಗಳ) ಕಥೆಯೂ ಇದೇ. ಕಿಡಿಯೊ, ನೆವ್ರಿ, ಚಕ್ಕುಲಿ ಅಡಿಲೇಡಿನಲ್ಲಿ ವಾರಗಟ್ಟಲೆ ಗರಿಗರಿ, ಬ್ರಿಸ್ಬೇನಿನಲ್ಲಿ ಗಾಳಿಯಾಡದ ಡಬ್ಬಿಯಿಲ್ಲದೆ ಬದುಕುವುದಿಲ್ಲ. ಮೊಟ್ಟೆ ತಿನ್ನದವರು ಡಬ್ಬಿ ಕಾಬೂಲಿ ಕಡಲೆಯ ನೀರನ್ನು ಬೀಟ್ ಮಾಡಿ ಇದೇ ರೀತಿ ಮಾಡುತ್ತಾರೆ. ಆಗುತ್ತದೆ, ಆದರೆ ಕ್ರೀಮ್ ಹಾಕಿದ ಮೇಲೆ ಬೇಗ ಕರಗುತ್ತದೆ. ತಡ ಮಾಡದೆ ಬಡಿಸಿಬಿಡಿ.

ಸಾಂಟಾನ ಕೆಲಸದಲ್ಲೂ ಸ್ವಲ್ಪ ಎಚ್ಚರ ಬೇಕು. ಕಾಲುಚೀಲದೊಳಗೆ ಚಾಕೊಲೇಟ್ ನಾಣ್ಯ ತುಂಬಿ ರಾತ್ರಿಯೇ ತೂಗುಹಾಕಿದರೆ, ಸೆಕೆಯ ರಾತ್ರಿಯಲ್ಲಿ ಅದು ಚಿನ್ನದ ಕಾಗದದೊಳಗಿನ ಗೊಜ್ಜು. ಚಾಕೊಲೇಟ್ ಫ್ರಿಜ್‌ನಲ್ಲಿರಲಿ, ಬೆಳಗ್ಗೆ ಮಕ್ಕಳಿಗಿಂತ ಹತ್ತು ನಿಮಿಷ ಮೊದಲು ಎದ್ದು ತುಂಬಿದರಾಯಿತು. ನೆಲದ ಮೇಲೆ ಸಿಹಿ ಇಟ್ಟರೆ ಇರುವೆಗಳದೇ ಹಬ್ಬ. ಸಾಂಟಾನ ಗಾಡಿ ಎಳೆಯುವ ಜಿಂಕೆಗಳಿಗೆಂದು ಮಕ್ಕಳು ಅಂಗಳದಲ್ಲಿಟ್ಟ ಕ್ಯಾರೆಟನ್ನು ಕಚ್ಚಿ, ಚೂರು ಬಿಟ್ಟು, ಉಳಿದದ್ದನ್ನು ಒಳಗೆ ತನ್ನಿ. ಸಾಂಟಾನಿಗೆ ಇಲ್ಲಿ ಹಾಲಿನ ಬದಲು ತಣ್ಣನೆಯ ಬಿಯರ್ ಇಡುವ ಮನೆಗಳೂ ಇವೆ, ಅದನ್ನು ಖಾಲಿ ಮಾಡುವ ಹೊಣೆ ಯಾರದೆಂದು ಹೇಳಬೇಕಿಲ್ಲ. ಆಟಿಕೆಗಳಿಗೆ ಬೇಕಾದ ಬ್ಯಾಟರಿ, ಅದರ ಮುಚ್ಚಳ ಬಿಚ್ಚಲು ಸಣ್ಣ ಸ್ಕ್ರೂಡ್ರೈವರ್ 24ರಂದೇ ತಂದಿಡಿ. 25ಕ್ಕೆ ದೊಡ್ಡ ಸೂಪರ್ ಮಾರ್ಕೆಟ್ಟುಗಳು ಮುಚ್ಚಿರುತ್ತವೆ. ಗುಂಡಿಯಂಥ ಚಪ್ಪಟೆ ಬ್ಯಾಟರಿಗಳ ಮೇಲೆ ಕಣ್ಣಿರಲಿ. ಮಗು ನುಂಗಿದೆ ಎಂಬ ಅನುಮಾನ ಬಂದರೂ ಸಾಕು, ಕಾದು ನೋಡಬಾರದು, ಕೂಡಲೇ 13 11 26ಕ್ಕೆ, ವಿಷ ಮಾಹಿತಿ ಕೇಂದ್ರಕ್ಕೆ, ಫೋನ್ ಮಾಡಿ. ಉಸಿರಾಟಕ್ಕೆ ತೊಂದರೆಯಾಗಿದ್ದರೆ 000.

ಬೆಳಗಿನ ಆಟ ಅಂದರೆ ನೀರಾಟ. ಉಡುಗೊರೆಯಾಗಿ ಬಂದ ಗಾಳಿ ತುಂಬುವ ಕೊಳವನ್ನು ಅಂಗಳದಲ್ಲಿ ಹರಡುವ ಮೊದಲು ಅದರ ಆಳ ನೋಡಿ. 30 ಸೆಂ.ಮೀ.ಗಿಂತ ಹೆಚ್ಚು ನೀರು ಹಿಡಿಸುವಂತಿದ್ದರೆ ವಿಕ್ಟೋರಿಯಾದ ಕಾನೂನಿನ ಪ್ರಕಾರ ಅದಕ್ಕೆ ಬೇಲಿ ಬೇಕು, ಕೊಳ ಬರೀ ಪ್ಲಾಸ್ಟಿಕ್‌ನದಾದರೂ ಸರಿ. ಅರ್ಧ ಮಾತ್ರ ತುಂಬುತ್ತೇವೆ ಅಂದರೆ ನಡೆಯುವುದಿಲ್ಲ, ಲೆಕ್ಕ ಹಿಡಿಯುವುದು ಎಷ್ಟು ಹಿಡಿಸುತ್ತದೆ ಎಂಬುದನ್ನು. ಅದಕ್ಕಿಂತ ಚಿಕ್ಕದನ್ನೂ ಆಟ ಮುಗಿದ ಕೂಡಲೇ ಬೋರಲು ಹಾಕಿ. ಇನ್ನೊಂದು ಅಪಾಯ ಹೋಸ್ ಪೈಪಿನದು. ಬಿಸಿಲಿಗೆ ಬಿದ್ದ ಪೈಪಿನೊಳಗೆ ನಿಂತ ನೀರು ಚರ್ಮ ಸುಡುವಷ್ಟು ಕಾದಿರುತ್ತದೆ. ಮೊದಲು ಗಿಡದ ಬುಡಕ್ಕೆ ಬಿಟ್ಟು, ಕೈಗೆ ತಣ್ಣಗಾದ ಮೇಲೆ ಮಕ್ಕಳ ಕೈಗೆ ಕೊಡಿ.

ಸನ್‌ಸ್ಕ್ರೀನ್ ವಿಷಯದಲ್ಲಿ ನಮ್ಮವರದೊಂದು ತಪ್ಪು ತಿಳಿವಳಿಕೆ ಇದೆ: ಕಂದು ಮೈಗೆ ಇದೆಲ್ಲ ಬೇಡ ಅಂತ. ಕಂದು ಚರ್ಮ ಸುಡುವುದು ನಿಧಾನ, ನಿಜ. ಸುಡುವುದೇ ಇಲ್ಲ ಅಂತಲ್ಲ. ಇಲ್ಲಿ ಡಿಸೆಂಬರಿನಲ್ಲಿ ಯುವಿ (ಬಿಸಿಲಿನ ಅತಿನೇರಳೆ ಕಿರಣ) ಸೂಚ್ಯಂಕ ನಡುಹಗಲಿಗೆ 11 ದಾಟುವುದು ಮಾಮೂಲು. ಮೂರು ಮುಟ್ಟಿದರೆ ಮೈ ಮುಚ್ಚಿಕೊಳ್ಳಬೇಕೆಂಬುದು ಇಲ್ಲಿನ ಸಲಹೆ, ಅಷ್ಟಂತೂ ಬೆಳಗ್ಗೆ ಒಂಬತ್ತಕ್ಕೇ ದಾಟಿರುತ್ತದೆ. ಗಡಿಯಾರ ಮುಂದಿಟ್ಟಿರುವುದರಿಂದ ಸೂರ್ಯ ನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ, ಒಂದು ಇಪ್ಪತ್ತಕ್ಕೆ. ಯುವಿಗೂ ಸೆಕೆಗೂ ಸಂಬಂಧವಿಲ್ಲ: ತೆಳು ಮೋಡದ, 22 ಡಿಗ್ರಿಯ ತಂಪು ದಿನದಲ್ಲೇ ಮಕ್ಕಳ ಕಿವಿ ಕೆಂಪಾಗುವುದು ಹೆಚ್ಚು, ಯಾಕೆಂದರೆ ಅವತ್ತು ಯಾರೂ ಟೋಪಿ ಹಾಕಿಸಿರುವುದಿಲ್ಲ.

ಎಸ್‌ಪಿಎಫ್ 50+, ಹೊರಡುವ ಇಪ್ಪತ್ತು ನಿಮಿಷ ಮೊದಲು. ದೊಡ್ಡವರಿಗೆ ಪ್ರತಿ ಕೈಗೆ, ಪ್ರತಿ ಕಾಲಿಗೆ, ಎದೆಗೆ, ಬೆನ್ನಿಗೆ, ಮುಖ-ಕತ್ತಿಗೆ ಒಂದೊಂದು ಟೀ ಚಮಚ, ಒಟ್ಟು 35 ಮಿ.ಲೀ.; ಮಕ್ಕಳಿಗೆ ಮೈಗೆ ತಕ್ಕಷ್ಟು. ನಿಲ್ಲದೆ ಕೊಸರುವ ಮಗುವಿಗೆ ಒಂದೇ ಕಡೆ ಸುರಿದು ಹರಡಲು ಹೋಗಬೇಡಿ. ಮೈತುಂಬ ಚುಕ್ಕೆ ಇಟ್ಟು "ಚಿರತೆ ಆಯ್ತು, ಈಗ ಚುಕ್ಕೆ ಅಳಿಸು" ಅಂದರೆ ಅರ್ಧ ಕೆಲಸ ಅದೇ ಮಾಡಿಕೊಳ್ಳುತ್ತದೆ. ಬಿಟ್ಟುಹೋಗುವ ಜಾಗಗಳು ಗೊತ್ತಿದ್ದದ್ದೇ: ಕಿವಿಯ ತುದಿ, ಕತ್ತಿನ ಹಿಂಬದಿ, ಪಾದದ ಮೇಲ್ಭಾಗ, ಮಂಡಿಯ ಹಿಂದೆ, ಬೈತಲೆ. ಎರಡು ಗಂಟೆಗೊಮ್ಮೆ, ನೀರಿನಿಂದ ಎದ್ದಾಗಲೆಲ್ಲ, ಮತ್ತೆ ಹಚ್ಚಿ. ಆರು ತಿಂಗಳೊಳಗಿನ ಕೂಸಿಗೆ ಇದು ಬೇಡ. ನೆರಳು, ಸಡಿಲ ಬಟ್ಟೆ ಸಾಕು. ಬಾಟಲಿಯನ್ನು ಕಾರಿನಲ್ಲಿ ಬಿಟ್ಟರೆ ಕಾದು ಕೆಡುತ್ತದೆ.

ಊಟಕ್ಕೆ ತಣ್ಣನೆಯ ಸೀಗಡಿ, ಹ್ಯಾಮ್, ಸಲಾಡು. ಅಂಗಡಿಯ ಹ್ಯಾಮ್ ಬೆಂದೇ ಬಂದಿರುತ್ತದೆ, ಕತ್ತರಿಸಿ ಹಾಗೇ ಬಡಿಸಬಹುದು. ಉಳಿದದ್ದನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿದರೆ ಬೆವೆತು ಲೋಳೆಯಾಗುತ್ತದೆ. ನಾಲ್ಕು ಕಪ್ ನೀರಿಗೆ ಎರಡು ಟೇಬಲ್ ಚಮಚ ವಿನೆಗರ್ ಹಾಕಿ ಹತ್ತಿ ಬಟ್ಟೆ ಅದ್ದಿ, ಹಿಂಡಿ, ಅದರಲ್ಲಿ ಸುತ್ತಿ ಫ್ರಿಜ್‌ನಲ್ಲಿಡಿ. ಎರಡು ದಿನಕ್ಕೊಮ್ಮೆ ಬಟ್ಟೆಯನ್ನು ಹಾಗೇ ಅದ್ದಿ ಬದಲಿಸಿ. ಸಸ್ಯಾಹಾರದ ಮನೆಗಳಲ್ಲಿ ಕೋಸಂಬರಿ, ಮೊಸರನ್ನ, ಮಜ್ಜಿಗೆ. ಈ ಹವೆಗೆ ಟರ್ಕಿ ರೋಸ್ಟಿಗಿಂತ ಇವೇ ಹೊಂದುತ್ತವೆ, ಪಕ್ಷಪಾತವಿಲ್ಲದೇ ಹೇಳುವ ಮಾತು. ಮಾವಿನಹಣ್ಣಂತೂ ಇದೆ. ನಮಗೆ ಯುಗಾದಿ ಕಳೆದ ಮೇಲೆ ನೆನಪಾಗುವ ಹಣ್ಣು ಇಲ್ಲಿ ಕ್ರಿಸ್‌ಮಸ್ಸಿಗೆ ಟ್ರೇಗಟ್ಟಲೆ ಬರುತ್ತದೆ, ಹೆಚ್ಚಾಗಿ ಕೆನ್ಸಿಂಗ್ಟನ್ ಪ್ರೈಡ್ ತಳಿ. ಚೆರ್ರಿಯ ಬೀಜ ತೆಗೆದು, ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿಯೇ ಚಿಕ್ಕವರಿಗೆ ಕೊಡಿ.

ಮೇಜಿನ ಮೇಲಿಟ್ಟ ಆಹಾರಕ್ಕೆ ಇಲ್ಲಿನವರು 2 ಗಂಟೆ–4 ಗಂಟೆ ಲೆಕ್ಕ ಹಿಡಿಯುತ್ತಾರೆ. 5ರಿಂದ 60 ಡಿಗ್ರಿ ನಡುವೆ ಒಟ್ಟು ಎರಡು ಗಂಟೆಯೊಳಗೆ ಇದ್ದದ್ದನ್ನು ಮತ್ತೆ ಫ್ರಿಜ್‌ಗಿಡಬಹುದು. ಎರಡರಿಂದ ನಾಲ್ಕು ಗಂಟೆಯಾದದ್ದನ್ನು ಆಗಲೇ ತಿಂದು ಮುಗಿಸಬೇಕು. ನಾಲ್ಕು ದಾಟಿತೋ, ಕಸಕ್ಕೆ. ಪಾನೀಯಗಳನ್ನು ಫ್ರಿಜ್‌ನಿಂದ ಎತ್ತಿ ಐಸ್ ತುಂಬಿದ ಎಸ್ಕಿ ಪೆಟ್ಟಿಗೆಗೆ ಹಾಕಿ. ಮಕ್ಕಳು ಜ್ಯೂಸಿಗೆಂದು ಐದು ನಿಮಿಷಕ್ಕೊಮ್ಮೆ ತೆರೆಯುವ ಫ್ರಿಜ್‌ನಲ್ಲಿ ಸೀಗಡಿ ತಣ್ಣಗಿರುವುದಿಲ್ಲ. ಐಸ್ ಅವತ್ತು ಪೆಟ್ರೋಲ್ ಬಂಕಿನಲ್ಲೂ ಮುಗಿದಿರುತ್ತದೆ, ವಾರದ ಮೊದಲೇ ಖಾಲಿ ಹಾಲಿನ ಡಬ್ಬಗಳಲ್ಲಿ ನೀರು ಗಟ್ಟಿ ಮಾಡಿಟ್ಟುಕೊಳ್ಳಿ.

ಊಟದ ಮೇಜಿನಲ್ಲಿ ಬಾನ್‌ಬಾನ್ ಪಟಾಕಿ (ಎರಡು ತುದಿ ಹಿಡಿದೆಳೆದರೆ ಚಟ್ಟೆನ್ನುವ ಕಾಗದದ ಕೊಳವೆ) ಎಳೆದು, ಒಳಗಿನ ಕಾಗದದ ಕಿರೀಟ ಹಾಕಿಕೊಳ್ಳುವ ಶಾಸ್ತ್ರವಿದೆಯಲ್ಲ, ಬೆವರಿಗೆ ಅದರ ಬಣ್ಣ ಬಿಡುತ್ತದೆ. ಊಟ ಮುಗಿಯುವಷ್ಟರಲ್ಲಿ ಅಜ್ಜಂದಿರ ಹಣೆಯ ಮೇಲೆ ಹಸಿರು ಪಟ್ಟಿ.

ಮನೆಯಲ್ಲಿರುವುದು ಏಸಿಯೋ ನೀರಿನ ಕೂಲರೋ ತಿಳಿದುಕೊಳ್ಳಿ. ಚಾವಣಿಯ ಮೇಲೆ ಕೂಲರ್ ಇರುವ ಮನೆಗಳು ಇಲ್ಲಿ ಬಹಳ. ಏಸಿಯಂತೆ ಕಿಟಕಿ ಮುಚ್ಚಿ ಹಾಕಿದರೆ ಒಂದು ಗಂಟೆಯಲ್ಲಿ ಮನೆ ಉಗಿ ಪೆಟ್ಟಿಗೆ. ಗಾಳಿ ಹೊರಹೋಗಲು ಕಿಟಕಿಗಳನ್ನು ಅಂಗೈಯಷ್ಟು ತೆರೆದಿಡಬೇಕು. ರಾಯಚೂರು, ಕಲಬುರಗಿಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಸುಡುಗಾಳಿ ಉತ್ತರದಿಂದ ಬೀಸುತ್ತಿದ್ದರೆ ಬೆಂಕಿ ನಿಷೇಧ ಇದೆಯೇ ನೋಡಿ. ಆ ದಿನ ಇದ್ದಿಲು, ಸೌದೆಯ ಬಾರ್ಬೆಕ್ಯೂ ಹಚ್ಚುವಂತಿಲ್ಲ. ವಿಕ್ಟೋರಿಯಾದಲ್ಲಿ ಅಡುಗೆಗೆ ಗ್ಯಾಸಿನದೋ ಕರೆಂಟಿನದೋ ಆಗಬಹುದು: ಸುತ್ತ ಮೂರು ಮೀಟರ್ ಹುಲ್ಲು-ತರಗು ಇರಬಾರದು, ನಲ್ಲಿಗೆ ಸಿಕ್ಕಿಸಿದ ಹೋಸ್ ಅಥವಾ ಹತ್ತು ಲೀಟರ್ ನೀರು ಪಕ್ಕದಲ್ಲಿರಬೇಕು, ದೊಡ್ಡವರೊಬ್ಬರು ಬಿಟ್ಟು ಕದಲಬಾರದು. ಅಂಥ ದಿನವೇ ಸಂಜೆ ಗಾಳಿ ನೈಋತ್ಯಕ್ಕೆ ತಿರುಗಿ ಅರ್ಧ ಗಂಟೆಯೊಳಗೆ ಹದಿನೈದು ಡಿಗ್ರಿ ಇಳಿದುಬಿಡುವುದುಂಟು. ಮೊದಲ ಬೀಸಿಗೆ ಅಂಗಳದ ಬಟ್ಟೆ ಚಪ್ಪರ ಪಕ್ಕದ ಮನೆಯಲ್ಲಿ. ಮುನ್ಸೂಚನೆಯಲ್ಲಿ ಗಾಳಿ ತಿರುಗುವ ಹೊತ್ತನ್ನೂ ಹೇಳಿರುತ್ತಾರೆ. ಅದಕ್ಕೂ ಅರ್ಧ ಗಂಟೆ ಮೊದಲೇ ಚಪ್ಪರ ಬಿಚ್ಚಿಡಿ, ಮಕ್ಕಳ ಚೀಲದಲ್ಲೊಂದು ಸ್ವೆಟರ್ ಇರಲಿ.

ದೀಪಾಲಂಕಾರ ನೋಡಲು ಮೆಲ್ಬರ್ನಿನ ಐವನ್‌ಹೋ ಬಡಾವಣೆಯ ಬೊಲೆವಾರ್ಡ್ ಬೀದಿಗೆ ಹೋಗುವವರು ಒಂಬತ್ತಕ್ಕೆ ಮುಂಚೆ ಹೋಗಿ ಪ್ರಯೋಜನವಿಲ್ಲ, ಒಂಬತ್ತರ ಮೇಲೆ ಹೋದರೆ ಚಿಕ್ಕವರು ಕಾರಿನಲ್ಲೇ ನಿದ್ದೆ. ಅವತ್ತಿನ ಮಧ್ಯಾಹ್ನ ಮಲಗಿಸಿದ್ದರೆ ಮಾತ್ರ ಹೊರಡಿ.

ಕೊನೆಗೆ ಉಳಿಯುವುದು ಸೀಗಡಿಯ ತಲೆ, ಸಿಪ್ಪೆ. ಕಸದ ಡಬ್ಬಕ್ಕೆ ಹಾಕಿದರೆ ಒಂದೇ ದಿನದಲ್ಲಿ ಬೀದಿಯವರೆಲ್ಲ ಮೂಗು ಮುಚ್ಚಿಕೊಳ್ಳಬೇಕು. ಕೆಲವು ಕೌನ್ಸಿಲ್‌ಗಳಲ್ಲಿ (ನಮ್ಮ ಪುರಸಭೆಯಂಥವು) ಮಾಮೂಲಿ ಕಸದ ಕೆಂಪು ಮುಚ್ಚಳದ ಡಬ್ಬ ಎತ್ತುವುದೇ ಹದಿನೈದು ದಿನಕ್ಕೊಮ್ಮೆ. ಎರಡು ಪದರದ ಚೀಲದಲ್ಲಿ ಗಂಟುಕಟ್ಟಿ ಫ್ರೀಜರಿನಲ್ಲಿಟ್ಟು, ಕಸದ ಲಾರಿ ಬರುವ ಹಿಂದಿನ ರಾತ್ರಿ ಹೊರಗೆ ಹಾಕುವುದು ಇಲ್ಲಿನವರ ರೂಢಿ. ಚೀಲದ ಮೇಲೆ ದೊಡ್ಡದಾಗಿ ಬರೆಯಿರಿ. ಖಾಲಿ ಐಸ್‌ಕ್ರೀಮ್ ಡಬ್ಬಿಯಲ್ಲಿ ಮಾತ್ರ ತುಂಬಿಡಬೇಡಿ, 26ರ ಬೆಳಗ್ಗೆ ಟಿವಿಯಲ್ಲಿ ಬಾಕ್ಸಿಂಗ್ ಡೇ ಟೆಸ್ಟ್ ನೋಡುತ್ತ ದೊಡ್ಡವರು ತೂಕಡಿಸುವಾಗ ಮಕ್ಕಳು ಮೊದಲು ಕೈಹಾಕುವುದು ಅದಕ್ಕೇ.