ಆ ಕಡೆ ಮುಖ, ಈ ಕಡೆ ಮುಖ

ಖೋ ಖೋ ಆಡಿದ ದಿನಗಳ ಬಗ್ಗೆ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಕಾಲೇಜಿನಿಂದ ಫೋನ್ ಬಂದಾಗ ನನ್ನ ಮೂಗಿಗೆ ಬಂದದ್ದು ಖಡಕ್ ರೊಟ್ಟಿಯ ವಾಸನೆ. ಕಾರಣ ಹೇಳುತ್ತೇನೆ.

ನಾನು ಕೊಪ್ಪಳದ ಈ ಕಾಲೇಜಿನಲ್ಲಿ ಬಿ.ಎ. ಓದಿದ್ದು 2013ರಿಂದ 2016ರವರೆಗೆ. ಓದಿದೆ ಎನ್ನುವುದಕ್ಕಿಂತ ಓಡಿದೆ ಎಂದರೆ ನನ್ನ ಅಂಕಪಟ್ಟಿಯೂ ಒಪ್ಪುತ್ತದೆ. ಆಗ ನಮ್ಮ ಕಾಲೇಜು ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಆ ವಿಶ್ವವಿದ್ಯಾಲಯದ ಖೋ ಖೋ ತಂಡಕ್ಕೆ ಆಯ್ಕೆಯಾಗುವುದು ಬಿಟ್ಟರೆ ನನಗೆ ಬೇರೆ ಕನಸಿರಲಿಲ್ಲ. ಹೀಗಿರುವಾಗ ಮೊದಲ ವರ್ಷದ ಜನವರಿಯಲ್ಲಿ ದೈಹಿಕ ಶಿಕ್ಷಣದ ಸರ್ ಬಂದು, "ನಾಳೆಯಿಂದ ಮೂರು ದಿನ ಮೈದಾನಕ್ಕೆ ಬರಬೇಡಿ, ಗವಿಮಠದ ದಾಸೋಹಕ್ಕೆ ಬನ್ನಿ" ಎಂದರು.

ಕೊಪ್ಪಳದವರಿಗೆ ಗವಿಮಠದ ಗವಿಸಿದ್ಧೇಶ್ವರ ಅಜ್ಜನ ಜಾತ್ರೆಯ ಬಗ್ಗೆ ನಾನು ಹೇಳಬೇಕಾಗಿಲ್ಲ. ತೇರಿನ ದಿನ ಉತ್ತತ್ತಿ ಎಸೆಯುವಷ್ಟಕ್ಕೆ ನನ್ನ ಭಕ್ತಿ ಮುಗಿಯುತ್ತಿತ್ತು. "ಸರ್, ಬಡಿಸುವುದಕ್ಕೆ ಎನ್‌ಎಸ್‌ಎಸ್‌ನವರು ಇದ್ದಾರಲ್ಲ" ಎಂದೆ. ಅದು ಸುಳ್ಳೂ ಆಗಿರಲಿಲ್ಲ. 1969ರಿಂದ ನಡೆದುಬಂದಿರುವ ಆ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಸ್ವಯಂಸೇವಕರು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ದುಡಿಯಬೇಕು, ಜೊತೆಗೆ ಏಳು ದಿನದ ಶಿಬಿರ. ಬೆಳಿಗ್ಗೆ, ಸಂಜೆ ಅಭ್ಯಾಸಕ್ಕೆ ಹೋಗುವ ನಮಗೆ ಅದು ಹೊಂದುತ್ತಿರಲಿಲ್ಲ. ಆಟದವರು ಬೇರೆ, ಸೇವೆಯವರು ಬೇರೆ ಎಂದು ಯಾರೂ ಹೇಳದೆಯೇ ಭಾಗವಾಗಿತ್ತು. ಸರ್ ವಾದಕ್ಕೆ ಇಳಿಯಲಿಲ್ಲ. "ಬೆಳಗಿನಿಂದ ಸಂಜೆಯವರೆಗೆ ನಿಲ್ಲುವುದಕ್ಕೆ ಕಾಲು ಬೇಕು ತಂಗಿ. ಈ ಊರಿನಲ್ಲಿ ನಿಮಗಿಂತ ಗಟ್ಟಿ ಕಾಲು ಯಾರಿಗಿವೆ?" ಎಂದರು. ಹೊಗಳಿಕೆಗೆ ಬಗ್ಗುವ ವಯಸ್ಸು. ಹೋದೆವು.

ಜಾತ್ರೆಗೆ ಸುತ್ತಲಿನ ಹಳ್ಳಿಗಳ ಜನ ಮನೆಮನೆಯಲ್ಲಿ ರೊಟ್ಟಿ ಬಡಿದು, ಚಕ್ಕಡಿ, ಟ್ರ್ಯಾಕ್ಟರ್‌ಗಳಲ್ಲಿ ಹೇರಿಕೊಂಡು, ಡೊಳ್ಳು ಬಾರಿಸುತ್ತ ತರುತ್ತಾರೆ. ಇಳಿಸುವ ಜಾಗದಿಂದ ರೊಟ್ಟಿ ಒಟ್ಟುವ ಕೋಣೆಯವರೆಗೆ ಬುಟ್ಟಿ ಸಾಗಿಸುವುದು ನಮ್ಮ ಪಾಲಿಗೆ ಬಂತು. ಮೊದಲ ಒಂದು ಗಂಟೆ ಬರೀ ಗಲಾಟೆ. ತುಂಬಿದ ಬುಟ್ಟಿ ಹೊತ್ತು ಹೋಗುವವರಿಗೂ ಖಾಲಿ ಬುಟ್ಟಿ ಹಿಡಿದು ಬರುವವರಿಗೂ ಡಿಕ್ಕಿ, ನೆಲದ ಮೇಲೆಲ್ಲ ರೊಟ್ಟಿ ಚೂರು. ಆಮೇಲೆ ನಮ್ಮ ತಂಡದ ನಾಯಕಿಗೆ ಏನು ಹೊಳೆಯಿತೋ, "ಚೌಕದಲ್ಲಿ ಕೂತ ಹಾಗೆ ನಿಲ್ಲಿ" ಎಂದು ಕೂಗಿದಳು. ಖೋ ಖೋದಲ್ಲಿ ಬೆನ್ನಟ್ಟುವ ತಂಡದ ಎಂಟು ಜನ ಸಾಲಾಗಿ ಕೂರುತ್ತಾರೆ, ಒಬ್ಬರ ಮುಖ ಆ ಕಡೆ, ಪಕ್ಕದವರ ಮುಖ ಈ ಕಡೆ. ಹಾಗೆಯೇ ನಿಂತೆವು. ಆ ಕಡೆ ಮುಖದವರು ತುಂಬಿದ ಬುಟ್ಟಿಯನ್ನು ಮುಂದಕ್ಕೆ ದಾಟಿಸಿದರು, ಈ ಕಡೆ ಮುಖದವರು ಖಾಲಿ ಬುಟ್ಟಿಯನ್ನು ಹಿಂದಕ್ಕೆ. ಒಂದೂ ಡಿಕ್ಕಿಯಿಲ್ಲ. ಬುಟ್ಟಿ ಕೈಬದಲಾದಾಗಲೆಲ್ಲ ಯಾರೋ "ಖೋ" ಎನ್ನುತ್ತಿದ್ದರು. ಟ್ರ್ಯಾಕ್ಟರ್ ಖಾಲಿಯಾದದ್ದೇ ತಿಳಿಯಲಿಲ್ಲ.

ಎರಡನೆಯ ವರ್ಷ ಇಷ್ಟು ಚೆನ್ನಾಗಿರಲಿಲ್ಲ. ಎರಡು ಪಂಕ್ತಿ ಬಡಿಸಿ ಮೂರನೆಯದಕ್ಕೆ ಓಡುವಾಗ, ಚೆಲ್ಲಿದ ಸಾಂಬಾರಿನ ಮೇಲೆ ಕಾಲಿಟ್ಟು ಜಾರಿದೆ. ಪಾದದ ಗಂಟು ಉಳುಕಿ ಊದಿಕೊಂಡಿತು. ಪಂದ್ಯಾವಳಿಗೆ ಉಳಿದದ್ದು ಎಂಟು ದಿನ. ತಂಡ ಬಳ್ಳಾರಿಯ ರೈಲು ಹತ್ತಿದಾಗ ನಾನು ಅರಿಶಿನದ ಪಟ್ಟು ಹಾಕಿಕೊಂಡು ಮನೆಯಲ್ಲಿ ಮಲಗಿದ್ದೆ. ಸರ್ ನೋಡಲು ಬಂದರೆ ಗೋಡೆಯ ಕಡೆ ತಿರುಗಿಕೊಂಡೆ. ಸೇವೆಯ ಫಲ ಎಲ್ಲಿಗೂ ಹೋಗುವುದಿಲ್ಲ ಎಂದು ಏನಾದರೂ ಹೇಳುತ್ತಾರೆ, ಹೇಳಿದರೆ ಕೇಳಿಸಿಕೊಳ್ಳಬಾರದು ಎಂದುಕೊಂಡಿದ್ದೆ. ಅವರು ನಮ್ಮ ಅವ್ವನಿಗೆ, "ತಪ್ಪು ನನ್ನದೇ ಅವ್ವಾ. ಪಂದ್ಯ ಹತ್ತಿರ ಇದ್ದಾಗ ಹುಡುಗಿಯರನ್ನು ಇಡೀ ದಿನ ನಿಲ್ಲಿಸಬಾರದಿತ್ತು" ಎಂದು ಹೇಳಿ, ಚಹಾ ಕುಡಿದು ಹೋದರು. ಮುಂದಿನ ವರ್ಷದಿಂದ ನಿಯಮ ಬದಲಾಯಿತು. ಒಬ್ಬರಿಗೆ ಎರಡು ಗಂಟೆಯ ಪಾಳಿ, ಬೂಟು ಕಡ್ಡಾಯ, ಪಂದ್ಯಾವಳಿಗೆ ಹದಿನೈದು ದಿನ ಇರುವಾಗ ಬಡಿಸುವ ಕೆಲಸವಿಲ್ಲ, ಬರಲು ಮನಸ್ಸಿಲ್ಲದವರಿಗೆ ಒತ್ತಾಯವಿಲ್ಲ. ಆಟಗಾರರನ್ನು ಸೇವೆಗೆ ಕರೆಯುವ ಶಿಕ್ಷಕರು ಈ ನಾಲ್ಕನ್ನು ಬರೆದಿಟ್ಟುಕೊಂಡರೆ ಒಳ್ಳೆಯದು. ಒತ್ತಾಯವಿಲ್ಲ ಎಂದ ವರ್ಷವೇ ಹೆಚ್ಚು ಜನ ಬಂದರು ಎಂಬುದನ್ನೂ ಸೇರಿಸುತ್ತೇನೆ.

ನನ್ನನ್ನು ಮತ್ತೆ ಎಳೆದದ್ದು ಮಾತ್ರ ಸರ್ ಅಲ್ಲ, ಒಬ್ಬ ಅಜ್ಜಿ. ಹಿರೇಹಳ್ಳದ ದಂಡೆಯ ಒಂದು ಹಳ್ಳಿಯಿಂದ ರೊಟ್ಟಿ ತಂದವಳು. ನಮ್ಮ ಟ್ರ್ಯಾಕ್ ಪ್ಯಾಂಟನ್ನು ಮೇಲಿಂದ ಕೆಳಗೆ ನೋಡಿ, "ಪೇಪರಿನಲ್ಲಿ ಫೋಟೋ ಬರುವ ಓಡುವ ಹುಡುಗಿಯರು ನೀವೇ ಏನವ್ವಾ?" ಎಂದಳು. ಬೈಗುಳ ಬರುತ್ತದೆ ಎಂದು ಕಾದೆ. ಹೆಣ್ಣುಮಕ್ಕಳು ಆಡುವುದರ ಬಗ್ಗೆ ನಮ್ಮ ಕಡೆ ಬರುವ ಮಾತುಗಳೆಲ್ಲ ನನಗೆ ಬಾಯಿಪಾಠ. ಅಜ್ಜಿ ಬುಟ್ಟಿಯೊಳಗೆ ಇಣುಕಿ, "ಒಂದು ರೊಟ್ಟಿಯನ್ನೂ ಮುರಿದಿಲ್ಲ" ಎಂದಳು. ತಡೆದು, "ನನ್ನ ಮೊಮ್ಮಗಳಿಗೆ ಕಲಿಸುತ್ತೀರಾ?" ಎಂದು ಕೇಳಿದಳು. ಅದೇ ಮಾತನ್ನು ಸರ್ ಹೋಗಿ ಕೇಳಿದ್ದರೆ ಆ ಮನೆಯ ಬಾಗಿಲು ತೆರೆಯುತ್ತಿತ್ತೋ ಇಲ್ಲವೋ.

ಭಾನುವಾರಗಳಂದು ಹೋಗತೊಡಗಿದೆವು. ಖೋ ಖೋ ಬಡವರ ಆಟ. ಎರಡು ಕಂಬ, ಒಂದಿಷ್ಟು ಸುಣ್ಣದ ಪುಡಿ ಇದ್ದರೆ ಸಾಕು. ಪುಸ್ತಕದ ಪ್ರಕಾರ ಅಂಗಣ 27 ಮೀಟರ್ ಉದ್ದ, 16 ಮೀಟರ್ ಅಗಲ ಇರಬೇಕು. ಆ ಊರಿನ ಕಣದಲ್ಲಿ ಅಷ್ಟು ಜಾಗವಿಲ್ಲದೆ ನಾವೇ ಕುಗ್ಗಿಸಿ ಗೆರೆ ಎಳೆದೆವು. ಖೋ ಸಿಗುವ ಮೊದಲೇ ಏಳಬಾರದು ಎಂಬುದನ್ನು ಮಕ್ಕಳಿಗೆ ಕಲಿಸುವಷ್ಟರಲ್ಲಿ ನನಗೇ ಆ ತಪ್ಪಿನ ಅಭ್ಯಾಸ ಬಿಟ್ಟುಹೋಯಿತು. ಕೊನೆಯ ವರ್ಷ ಆಯ್ಕೆಯಲ್ಲಿ ಅದು ಉಪಯೋಗಕ್ಕೆ ಬಂತು. ಆದರೂ ವಿಶ್ವವಿದ್ಯಾಲಯದ ತಂಡದಲ್ಲಿ ಕಾಯ್ದಿರಿಸಿದ ಆಟಗಾರ್ತಿಯಾಗಿಯೇ ಉಳಿದೆ, ಅದನ್ನೂ ಹೇಳಿಬಿಡುತ್ತೇನೆ.

2019ರಲ್ಲಿ ಗವಿಮಠದ ಸ್ವಾಮೀಜಿಯವರು ತಾವೇ ಹಿರೇಹಳ್ಳಕ್ಕೆ ಇಳಿದು ಸ್ವಚ್ಛತೆ ಆರಂಭಿಸಿದಾಗ, ನನಗೆ ಫೋನ್ ಮಾಡಿ ಕರೆದದ್ದು ಆ ಮೊಮ್ಮಗಳು. ಆಗ ಅವಳು ಪಿಯುಸಿ. ಕಾಲೇಜು ಬಿಟ್ಟು ಮೂರು ವರ್ಷವಾಗಿತ್ತು, ಜಾಲಿಮುಳ್ಳು ಎತ್ತಿಹಾಕಿ ಅರ್ಧ ಗಂಟೆಗೇ ಏದುಸಿರು ಬಿಟ್ಟೆ. "ಅಕ್ಕಾ, ನಿಮ್ಮ ಪಾಳಿ ಮುಗಿಯಿತು, ಕುಳಿತುಕೊಳ್ಳಿ" ಎಂದು ನನ್ನ ಕೈಯಿಂದ ಸಲಿಕೆ ಕಿತ್ತುಕೊಂಡಳು.

2025ರ ಜನವರಿಯಲ್ಲಿ ಅಜ್ಜನ ತೇರು ಎಳೆದ ವಾರವೇ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯುತ್ತಿತ್ತು. ಫೈನಲ್‌ನಲ್ಲಿ ನಮ್ಮ ಮಹಿಳೆಯರು ನೇಪಾಳವನ್ನು ಎದುರಿಸಿದ ಭಾನುವಾರ ನಾನು ದಾಸೋಹಕ್ಕೆ ಹೋಗಿದ್ದೆ, ಊಟ ಮಾಡುವುದಕ್ಕೆ. ರೊಟ್ಟಿಯ ಕೋಣೆಯ ಹತ್ತಿರ ಟ್ರ್ಯಾಕ್ ಪ್ಯಾಂಟಿನ ಹುಡುಗಿಯರ ಸಾಲು ಅರ್ಧಕ್ಕೇ ನಿಂತುಹೋಗಿತ್ತು. ಒಬ್ಬಳ ಮೊಬೈಲಿನ ಸುತ್ತ ಐದಾರು ತಲೆ. ಭಾರತ ಗೆದ್ದಿತು. ಬುಟ್ಟಿ ಕೆಳಗಿಟ್ಟು ಕುಣಿದರು, ನಾನೂ ಕುಣಿದೆ. ಗಲಾಟೆಯಲ್ಲಿ ಸಾಲಿನಲ್ಲಿ ಒಂದು ಜಾಗ ಖಾಲಿ ಬಿದ್ದಿತ್ತು, ಹೋಗಿ ನಿಂತೆ. ಪಕ್ಕದ ಹುಡುಗಿ ನನ್ನ ಸೀರೆಯನ್ನೊಮ್ಮೆ ನೋಡಿ, ಮೆಲ್ಲಗೆ ಭುಜ ಹಿಡಿದು ತಿರುಗಿಸಿದಳು.

"ಅಕ್ಕಾ, ನೀವು ಆ ಕಡೆ ಮುಖ ಮಾಡಿ ನಿಲ್ಲಬೇಕು."